ಓದುವವನು ತಿಳಿದುಕೊಳ್ಳಲಿ

ಕೇಳುಗರಿಗೆ ನಮಸ್ಕಾರ.

ಮಾರ್ಕನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಒಂದು ಚಿಕ್ಕ ಕಂಸ ಇದೆ. ಯೇಸುಸ್ವಾಮಿ ಎಣ್ಣೆಮರಗಳ ಗುಡ್ಡದ ಮೇಲೆ ಶಿಷ್ಯರ ಜೊತೆ ಕೂತಿದ್ದಾರೆ. ಎದುರಿಗೆ ಯೆರೂಸಲೇಮಿನ ದೇವಾಲಯ. ಮುಂದೆ ಬರುವ ಕಷ್ಟದ ಮಾತು ನಡೆಯುತ್ತಿದೆ. ‘ಹಾಳುಮಾಡುವ ಅಸಹ್ಯ ವಸ್ತು’ ನಿಲ್ಲಬಾರದ ಕಡೆ ನಿಂತಿರುವುದನ್ನು ಕಂಡಾಗ ಯೂದಾಯದವರು ಬೆಟ್ಟಗಳಿಗೆ ಓಡಿಹೋಗಲಿ ಎನ್ನುತ್ತಾರೆ. ಆ ಮಾತಿನ ಮಧ್ಯೆ, ಕಂಸದೊಳಗೆ, ಓದುವವನು ತಿಳಿದುಕೊಳ್ಳಲಿ ಎಂದು ಬರುತ್ತದೆ. ಗುಡ್ಡದ ಮೇಲೆ ಕೂತವರೆಲ್ಲ ಕೇಳುವವರು. ಅಲ್ಲಿ ಓದುವವನು ಎಲ್ಲಿಂದ ಬಂದ? ಸುವಾರ್ತೆ ಬರೆದವನು ಇಲ್ಲಿ ನಮ್ಮ ಕಡೆ ತಿರುಗಿ ಕಣ್ಸನ್ನೆ ಮಾಡುತ್ತಿದ್ದಾನೆ.

ಏನನ್ನು ತಿಳಿದುಕೊಳ್ಳಬೇಕು? ನಮ್ಮ ದೊಡ್ಡಪ್ಪ ತಮ್ಮ ರೀತಿಯಲ್ಲಿ ತಿಳಿದುಕೊಂಡಿದ್ದರು. ಅವರ ಸತ್ಯವೇದದಲ್ಲಿ, ಹಳೆ ಒಡಂಬಡಿಕೆಯ ಪ್ರವಾದಿ ದಾನಿಯೇಲನ ಪುಸ್ತಕದ ಅಂಚಿನ ತುಂಬ, ಲೋಕದ ಅಂತ್ಯ ಯಾವಾಗ ಎಂಬ ಪೆನ್ಸಿಲ್ ಲೆಕ್ಕ. ಕೂಡಿದ್ದು, ಕಳೆದದ್ದು, ರಬ್ಬರಿನಿಂದ ಅಳಿಸಿದ್ದು. ಇಸ್ರೇಲಿನ ಕಡೆ ಯುದ್ಧ ಶುರುವಾಯಿತು ಅಂದರೆ ಸಾಕು, ಪೆನ್ಸಿಲ್ ಹೊರಗೆ ಬರುತ್ತಿತ್ತು. ಈಗ ಅದೇ ಲೆಕ್ಕ ವಾಟ್ಸಾಪಿನಲ್ಲಿ ಬರುತ್ತದೆ. ಅಳಿಸಿದ ಗುರುತು ಮಾತ್ರ ಕಾಣುವುದಿಲ್ಲ.

ಆ ‘ಅಸಹ್ಯ ವಸ್ತು’ ದಾನಿಯೇಲನ ಪುಸ್ತಕದ ಮಾತು. ಅದನ್ನು ಅರ್ಥಮಾಡಿಕೊಳ್ಳಲು ನಾಳೆಯ ಪತ್ರಿಕೆ ಬೇಡ, ಕ್ರಿ.ಪೂ. 167ರ ಯೆರೂಸಲೇಮ್ ಬೇಕು. ಆದರೆ ನಮ್ಮಲ್ಲಿ ಜಾಸ್ತಿ ಜನ ಓದುವ ಪ್ರೊಟೆಸ್ಟೆಂಟ್ ಸತ್ಯವೇದದಲ್ಲಿ ಹಳೆ ಒಡಂಬಡಿಕೆಯ ಕೊನೆಯ ಪುಸ್ತಕ ಮಲಾಕಿಯ ಮುಗಿದ ಕೂಡಲೇ ಹೊಸ ಒಡಂಬಡಿಕೆಯ ಮತ್ತಾಯ. ಪುಟ ತಿರುವಿದರೆ ನಡುವೆ 400 ವರ್ಷ ಮಾಯ. ಕಥೆ ಇರುವುದೇ ಆ ನಡುವೆ. ಕಥೊಲಿಕರ ಬೈಬಲಿನಲ್ಲಿ ಆ ಕಥೆ ಹೇಳುವ ಮಕ್ಕಬಿಯರ ಗ್ರಂಥಗಳಿವೆ, ಅವರು ಪುಣ್ಯವಂತರು.

ಸೆಲ್ಯೂಕಸ್ ನಿಮಗೆ ಗೊತ್ತಿರುತ್ತಾನೆ. ಶಾಲೆಯಲ್ಲಿ ಓದಿದ್ದೇವೆ ಅಲ್ವಾ? ಅಲೆಕ್ಸಾಂಡರನ ಸೇನಾನಿ, ಚಂದ್ರಗುಪ್ತ ಮೌರ್ಯನಿಗೆ ನಾಡು ಬಿಟ್ಟುಕೊಟ್ಟು 500 ಆನೆ ತೆಗೆದುಕೊಂಡು ಹೋದವನು. ಅವನ ವಂಶ ಸಿರಿಯವನ್ನು ಆಳಿತು. ಅಲೆಕ್ಸಾಂಡರನ ಇನ್ನೊಬ್ಬ ಸೇನಾನಿ ಟಾಲೆಮಿಯ ವಂಶ ಈಜಿಪ್ಟನ್ನು ಆಳಿತು. ಇವರಿಬ್ಬರ ಜಗಳದ ನಡುವೆ ಸಿಕ್ಕಿಕೊಂಡ ಪುಟ್ಟ ನಾಡು ಯೂದಾಯ. ದಾನಿಯೇಲನ 11ನೇ ಅಧ್ಯಾಯ ತೆಗೆದರೆ ಉತ್ತರದ ರಾಜ, ದಕ್ಷಿಣದ ರಾಜ ಎಂದು ಬರುತ್ತದಲ್ಲ, ಅವರು ಇವರೇ. ಮದುವೆ ಸಂಬಂಧಗಳೂ ಸೇರಿ ಎಲ್ಲ ಕಥೆಯೂ ಅಲ್ಲಿದೆ, ಹೆಸರು ಮಾತ್ರ ಇಲ್ಲ. ಅಂದ ಹಾಗೆ, ಸೆಲ್ಯೂಕಸನ ವಂಶದವರು ಯೆಹೂದ್ಯರ ಮೇಲೆ ದಂಡೆತ್ತಿ ಬಂದಾಗ ಒಂದೊಂದು ಆನೆಯ ಮೇಲೂ ಒಬ್ಬ ಭಾರತೀಯ ಮಾವುತ ಇದ್ದ ಎಂದು ಮಕ್ಕಬಿಯರ ಮೊದಲನೇ ಗ್ರಂಥ ಹೇಳುತ್ತದೆ. ನಮ್ಮವರು ಎಲ್ಲೆಲ್ಲಿಗೆ ಹೋಗಿದ್ದರು ನೋಡಿ.

ಆ ವಂಶದ ನಾಲ್ಕನೇ ಅಂತಿಯೋಕಸ್ ಕ್ರಿ.ಪೂ. 175ರಲ್ಲಿ ಪಟ್ಟಕ್ಕೆ ಬಂದ. ತನ್ನನ್ನು ‘ಎಪಿಫನೀಸ್’ ಎಂದು ಕರೆದುಕೊಂಡ, ಅಂದರೆ ಪ್ರತ್ಯಕ್ಷ ದೇವರು. ಜನ ಒಂದಕ್ಷರ ಬದಲಿಸಿ ‘ಎಪಿಮನೀಸ್’ ಎಂದರು, ಅಂದರೆ ಹುಚ್ಚ.

ಕ್ರಿ.ಪೂ. 168ರಲ್ಲಿ ಇವನು ಈಜಿಪ್ಟಿನ ಮೇಲೆ ಹೋದ. ಗೆಲ್ಲುವುದರಲ್ಲಿದ್ದ. ಅಲೆಕ್ಸಾಂಡ್ರಿಯದ ಹತ್ತಿರ ರೋಮಿನ ದೂತ ಪೊಪಿಲಿಯಸ್ ಎದುರಾದ. ರಾಜ ಕೈಕುಲುಕಲು ಕೈ ಚಾಚಿದ. ಪೊಪಿಲಿಯಸ್ ಕೈ ಕೊಡಲಿಲ್ಲ, ಹಲಗೆಯೊಂದನ್ನು ಕೊಟ್ಟ. ಈಜಿಪ್ಟ್ ಬಿಟ್ಟು ಹೊರಡು ಎಂಬ ಸೆನೆಟ್ಟಿನ ಆಜ್ಞೆ ಅದರಲ್ಲಿತ್ತು. ಗೆಳೆಯರನ್ನು ಕೇಳಿ ಹೇಳುತ್ತೇನೆ ಎಂದ ಅಂತಿಯೋಕಸ್. ಪೊಪಿಲಿಯಸ್ ಕೈಯಲ್ಲಿದ್ದ ಕೋಲಿನಿಂದ ರಾಜನ ಸುತ್ತ ಮರಳಲ್ಲಿ ಒಂದು ಗೆರೆ ಎಳೆದ. ಈ ಗೆರೆ ದಾಟುವ ಮೊದಲು ಉತ್ತರ ಹೇಳು ಎಂದ. ‘ಪ್ರತ್ಯಕ್ಷ ದೇವರು’ ಬಾಯಿ ಮುಚ್ಚಿಕೊಂಡು ವಾಪಸು ಹೊರಟ.

ದಾನಿಯೇಲನಲ್ಲಿ ಇದು ಒಂದೇ ಸಾಲು. ಕಿತ್ತೀಮಿನ, ಅಂದರೆ ಪಶ್ಚಿಮದ ಕಡಲಾಚೆಯ, ಹಡಗುಗಳು ಅವನ ಮೇಲೆ ಬರುತ್ತವೆ, ಅವನು ಎದೆಗುಂದಿ ಹಿಂತಿರುಗುತ್ತಾನೆ, ಪರಿಶುದ್ಧ ಒಡಂಬಡಿಕೆಯ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಾನೆ. ಎರಡು ಸಾವಿರ ವರ್ಷದಿಂದ ಜನ ಆ ಹಡಗುಗಳಿಗೆ ತಮ್ಮ ತಮ್ಮ ಕಾಲದ ಬಾವುಟ ಕಟ್ಟುತ್ತಾ ಬಂದಿದ್ದಾರೆ. ಮರಳಿನ ಗೆರೆಯ ಕಥೆ ಗೊತ್ತಿದ್ದವರಿಗೆ ಅದು ರೋಮಿನ ಹಡಗು, ಅಷ್ಟೇ.

ಯೆರೂಸಲೇಮಿನಲ್ಲೂ ಆಗ ಎಲ್ಲ ಸರಿ ಇರಲಿಲ್ಲ. ಮಹಾಯಾಜಕನ ಹುದ್ದೆಗೆ ಯಾಸೋನ ಎಂಬವನು ರಾಜನಿಗೆ ಹಣ ಕೊಟ್ಟ. ಆಮೇಲೆ ಮೆನೆಲಾಸ್ ಅದಕ್ಕಿಂತ ಜಾಸ್ತಿ ಕೊಟ್ಟು ಕಿತ್ತುಕೊಂಡ. ಯೆಹೂದ್ಯರೊಳಗೇ ಎರಡು ಗುಂಪು, ಬೀದಿ ಕಾಳಗ. ಈ ಗಲಾಟೆಯ ನಡುವೆ ಅಂತಿಯೋಕಸನ ಕೈ ಬಿತ್ತು. ಸುನ್ನತಿ ಮಾಡಿಸಿದರೆ ಸಾವು. ವಾರದ ವಿಶ್ರಾಂತಿ ದಿನವಾದ ಸಬ್ಬತ್ ಆಚರಿಸಿದರೆ ಸಾವು. ಧರ್ಮಶಾಸ್ತ್ರದ ಸುರುಳಿ ಸಿಕ್ಕಿದರೆ ಹರಿದು ಸುಡು. ಕ್ರಿ.ಪೂ. 167ರಲ್ಲಿ, ಯೆಹೂದ್ಯರ ಕಿಸ್ಲೇವ್ ತಿಂಗಳ 15ರಂದು, ದೇವಾಲಯದ ಬಲಿಪೀಠದ ಮೇಲೆಯೇ ಗ್ರೀಕರ ಸ್ಯೂಸ್ ದೇವರಿಗೆ ಇನ್ನೊಂದು ಪೀಠ ಕಟ್ಟಿದರು. ಅದೇ ಅಸಹ್ಯ ವಸ್ತು. ಹೀಬ್ರೂವಿನಲ್ಲಿ ‘ಶಿಕ್ಕುತ್ಸ್ ಶೋಮೇಮ್’. ಸಿರಿಯದ ಕಡೆ ಆಕಾಶದೊಡೆಯನಿಗೆ ‘ಬಾಳ್ ಶಾಮೇಮ್’ ಎಂಬ ಹೆಸರಿತ್ತು. ಆ ಹೆಸರನ್ನು ತಿರುಚಿದ ಅಣಕ ಇದು ಎಂದು ಪಂಡಿತರು ಹೇಳುತ್ತಾರೆ. ಕತ್ತಿ ಇಲ್ಲದವರ ಕೈಲಿ ಉಳಿದದ್ದು ಅಣಕ ಒಂದೇ.

ಮುಂದಿನದು ಬೇಗ ಹೇಳಿಬಿಡುತ್ತೇನೆ. ಮೋದಿನ್ ಎಂಬ ಊರಿನ ಮುದುಕ ಯಾಜಕ ಮತ್ತಥೀಯ ದಂಗೆ ಎದ್ದ. ಅವನ ಮಗ ಯೂದ ಮಕ್ಕಬಿ ಗುಡ್ಡಗಾಡಿನಿಂದ ಹೋರಾಡಿ ದೇವಾಲಯವನ್ನು ಮರಳಿ ಪಡೆದ. ಕ್ರಿ.ಪೂ. 164ರ ಕಿಸ್ಲೇವ್ 25ರಂದು ಬಲಿಪೀಠವನ್ನು ಹೊಸದಾಗಿ ಪ್ರತಿಷ್ಠಿಸಿದರು. ಯೆಹೂದ್ಯರು ಇಂದಿಗೂ ಎಂಟು ದಿನ ದೀಪ ಹಚ್ಚುವ ಹನುಕ್ಕಾ ಹಬ್ಬ ಅದೇ. ಯೋಹಾನನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಪ್ರತಿಷ್ಠೆಯ ಹಬ್ಬ, ಚಳಿಗಾಲ, ಯೇಸುಸ್ವಾಮಿ ಸೊಲೊಮೋನನ ಮಂಟಪದಲ್ಲಿ ತಿರುಗಾಡುತ್ತಿದ್ದರು ಎಂದು ಬರುತ್ತದೆ. ನಾನು ಎಷ್ಟೋ ವರ್ಷ ಅದನ್ನು ಯಾವುದೋ ಹಬ್ಬ ಇರಬೇಕು ಎಂದು ಓದಿ ಮುಂದೆ ಹೋಗಿದ್ದೇನೆ.

ಇಲ್ಲಿ ಒಂದು ಕಷ್ಟದ ಪ್ರಶ್ನೆ ಇದೆ, ತಪ್ಪಿಸಿಕೊಂಡು ಹೋಗಬಾರದು. ದಾನಿಯೇಲ ಇದನ್ನೆಲ್ಲ 400 ವರ್ಷ ಮೊದಲೇ ಬಾಬೆಲಿನಲ್ಲಿ ಕೂತು ಕಂಡನೇ? ಮೂರನೇ ಶತಮಾನದ ತತ್ವಜ್ಞಾನಿ ಪೊರ್ಫಿರಿ ಇಲ್ಲ ಎಂದ. ಇದು ಅಂತಿಯೋಕಸನ ಕಾಲದಲ್ಲೇ ಬರೆದದ್ದು, ಅದಕ್ಕೇ ಇಷ್ಟು ಸರಿಯಾಗಿದೆ ಎಂದು ವಾದಿಸಿದ. ಚಕ್ರವರ್ತಿಗಳು ಅವನ ಪುಸ್ತಕ ಸುಡಿಸಿದರು. ಅವನ ವಾದ ನಮಗೆ ಉಳಿದಿರುವುದು ಹೆಚ್ಚಾಗಿ ಅವನ ಎದುರಾಳಿ ಸಂತ ಜೆರೋಮನಿಂದ. ಖಂಡಿಸಬೇಕಾದರೆ ಮೊದಲು ಬರೆದುಕೊಳ್ಳಬೇಕಲ್ಲ! ಇಂದಿನ ವಿದ್ವಾಂಸರಲ್ಲಿ ಹೆಚ್ಚಿನವರು ಪೊರ್ಫಿರಿಯ ಕಡೆ. ಅವರು ತೋರಿಸುವುದು 11ನೇ ಅಧ್ಯಾಯದ ಕೊನೆಯನ್ನು. ಅಲ್ಲಿ ಆ ರಾಜ ಸಮುದ್ರಕ್ಕೂ ಪರಿಶುದ್ಧ ಪರ್ವತಕ್ಕೂ ನಡುವೆ ಡೇರೆ ಹಾಕಿ ಅಲ್ಲೇ ಕೊನೆಗಾಣುತ್ತಾನೆ. ಆದರೆ ಅಂತಿಯೋಕಸ್ ಸತ್ತದ್ದು ದೂರದ ಪರ್ಷಿಯದಲ್ಲಿ. ಜೆರೋಮ್ ಇದಕ್ಕೆ, ಆ ಭಾಗ ಅಂತಿಯೋಕಸನದ್ದಲ್ಲ, ಕಡೇ ಕಾಲದ ಕ್ರಿಸ್ತವಿರೋಧಿಯದು ಎಂದ. ಹಳೆಯ ನಂಬಿಕೆಯವರು ಇಂದಿಗೂ ಅದನ್ನೇ ಹೇಳುತ್ತಾರೆ. ನನ್ನನ್ನು ಕೇಳಿದರೆ, ಪುಸ್ತಕ ಯಾವಾಗ ಬರೆದದ್ದೇ ಆಗಲಿ, ಅದರ ಎದೆ ಬಡಿದುಕೊಳ್ಳುವುದು ಆ ಮೂರು ವರ್ಷಗಳಲ್ಲಿ. ಮಗುವಿಗೆ ಸುನ್ನತಿ ಮಾಡಿಸಿ ಸಾವಿಗೆ ಕಾಯುತ್ತಿರುವ ತಾಯಿಗೆ ಲೋಕ ಯಾವ ಇಸವಿಯಲ್ಲಿ ಮುಗಿಯುತ್ತದೆ ಎಂಬುದು ಬೇಕಿರಲಿಲ್ಲ. ಪುಸ್ತಕದಲ್ಲೂ ದೇವದೂತರು ಕೇಳುವುದು ಒಂದೇ ಪ್ರಶ್ನೆ: ಇದು ಎಷ್ಟರ ತನಕ?

ಹಾಗಾದರೆ ಅದೆಲ್ಲ ಮುಗಿದ ಕಥೆಯೇ? ಅಲ್ಲ. ಹಳೆಯ ಪ್ರವಾದನೆಯನ್ನು ಹೊಸ ಕಷ್ಟದಲ್ಲಿ ಮತ್ತೆ ಓದುವುದನ್ನು ಬೈಬಲೇ ಕಲಿಸಿಕೊಟ್ಟಿದೆ. ಬಾಬೆಲಿನ ಆಳ್ವಿಕೆ 70 ವರ್ಷ ಎಂದು ಪ್ರವಾದಿ ಯೆರೆಮೀಯ ಹೇಳಿದ್ದ. ದಾನಿಯೇಲ ಆ ಸುರುಳಿಯನ್ನು ಹಿಡಿದು ಯೋಚಿಸುತ್ತಾ ಕೂತಿರುವಾಗ ದೇವದೂತ ಗಬ್ರಿಯೇಲ ಬಂದು, 70 ವರ್ಷ ಅಲ್ಲ, 70 ವಾರ ಎನ್ನುತ್ತಾನೆ. ವಾರ ಅಂದರೆ ಏಳು ವರ್ಷ, ಒಟ್ಟು 490. ಯೆರೆಮೀಯನ ಲೆಕ್ಕ ಏಳು ಪಟ್ಟು ಹಿಗ್ಗಿತು.

ಆಮೇಲೆ ಕ್ರಿ.ಶ. 70ರಲ್ಲಿ ರೋಮಿನ ಸೇನಾಪತಿ ತೀತನ ದಂಡು ದೇವಾಲಯವನ್ನು ಸುಟ್ಟಿತು. ಯೆಹೂದ್ಯರಿಗೆ ಮತ್ತೆ ದಾನಿಯೇಲ ಬೇಕಾದ. ನಾಲ್ಕನೇ ಎಜ್ರ ಎಂಬ ಯೆಹೂದ್ಯ ಗ್ರಂಥದಲ್ಲಿ ಎಜ್ರನಿಗೆ ಕನಸಿನಲ್ಲಿ ಒಂದು ಹದ್ದು, ಅಂದರೆ ರೋಮ್, ಕಾಣುತ್ತದೆ. ದೂತ ನೇರವಾಗಿ ಹೇಳಿಬಿಡುತ್ತಾನೆ: ನೀನು ಕಂಡ ಹದ್ದು ನಿನ್ನ ಸಹೋದರ ದಾನಿಯೇಲನಿಗೆ ಕಂಡ ನಾಲ್ಕನೇ ರಾಜ್ಯ, ಆದರೆ ಈಗ ನಿನಗೆ ವಿವರಿಸುವ ಹಾಗೆ ಅವನಿಗೆ ವಿವರಿಸಿರಲಿಲ್ಲ. ಎಷ್ಟು ಧೈರ್ಯದ ಮಾತು! ಲೂಕನೂ ಮಾರ್ಕನ ಕಂಸವನ್ನು ತೆಗೆದುಹಾಕಿದ. ಅಸಹ್ಯ ವಸ್ತುವಿನ ಜಾಗದಲ್ಲಿ, ದಂಡುಗಳು ಯೆರೂಸಲೇಮಿಗೆ ಮುತ್ತಿಗೆ ಹಾಕಿರುವುದನ್ನು ಕಂಡಾಗ ಎಂದು ಬರೆದ. ಇನ್ನು ಯೆಹೂದ್ಯ ಇತಿಹಾಸಕಾರ ಯೊಸೇಫಸನ ವಿಷಯ. ಯೆಹೂದ್ಯರ ನಾಡಿನಿಂದ ಲೋಕವನ್ನಾಳುವವನು ಬರುತ್ತಾನೆ ಎಂಬ ಪ್ರವಾದನೆ ಇದೆ, ಅವನು ವೆಸ್ಪಾಸಿಯನ್ ಎಂದು ಇವನು ಬರೆದ. ತನ್ನನ್ನು ಸೆರೆಹಿಡಿದ ರೋಮಿನ ಸೇನಾಪತಿಯನ್ನೇ! ಅವನು ಕ್ರಿ.ಶ. 69ರಲ್ಲಿ ಚಕ್ರವರ್ತಿಯಾದ. ಯೊಸೇಫಸನ ಜೀವ ಉಳಿಯಿತು, ಸುಮ್ನೆ ಉಳಿಯಲಿಲ್ಲ.

ತಪ್ಪಿದ ಓದುಗಳಿಗೆ ಬೆಲೆ ತೆತ್ತವರೂ ಇದ್ದಾರೆ. ಕ್ರಿ.ಶ. 132ರಲ್ಲಿ ಯೆಹೂದ್ಯ ನಾಯಕ ಬಾರ್ ಕೊಖ್ಬಾ ರೋಮಿನ ವಿರುದ್ಧ ದಂಗೆ ಎದ್ದಾಗ, ದೊಡ್ಡ ಗುರು ರಬ್ಬಿ ಅಕಿವಾ ‘ಯಾಕೋಬನಿಂದ ನಕ್ಷತ್ರ ಉದಯಿಸುವುದು’ ಎಂಬ ಮಾತು ಇವನದೇ ಎಂದರು. ಇನ್ನೊಬ್ಬ ರಬ್ಬಿ, ಅಕಿವಾ, ನಿನ್ನ ಕೆನ್ನೆಯಲ್ಲಿ ಹುಲ್ಲು ಬೆಳೆದರೂ ದಾವೀದನ ಮಗ, ಅಂದರೆ ಬರಬೇಕಾದ ಮೆಸ್ಸೀಯ, ಬಂದಿರುವುದಿಲ್ಲ ಎಂದ. 135ರಲ್ಲಿ ಎಲ್ಲ ನೆಲಸಮವಾಯಿತು. ಆಮೇಲೆ ಯೆಹೂದ್ಯ ಗುರುಗಳ ಮಾತುಗಳ ಸಂಗ್ರಹವಾದ ತಾಲ್ಮುದಿನಲ್ಲಿ ಒಂದು ಶಾಪವೇ ಸೇರಿತು: ಅಂತ್ಯದ ಲೆಕ್ಕ ಹಾಕುವವರ ಮೂಳೆ ಕೊಳೆತುಹೋಗಲಿ. ಯಾಕೆಂದರೆ ಹೇಳಿದ ದಿನ ಬಂದು ಮೆಸ್ಸೀಯ ಬರದಿದ್ದರೆ, ಜನ ಅವನು ಬರುವುದೇ ಇಲ್ಲ ಎಂದುಬಿಡುತ್ತಾರೆ.

ಅಮೆರಿಕದ ರೈತ ವಿಲಿಯಂ ಮಿಲ್ಲರ್ ಈ ಶಾಪ ಕೇಳಿದ್ದನೋ ಇಲ್ಲವೋ. ದಾನಿಯೇಲನ 8ನೇ ಅಧ್ಯಾಯದಲ್ಲಿ ‘2300 ಸಾಯಂಕಾಲ, ಪ್ರಾತಃಕಾಲ’ ಎಂದಿದೆ. ದೇವಾಲಯದಲ್ಲಿ ದಿನಕ್ಕೆ ಎರಡು ಹೊತ್ತು ಬಲಿ ಇತ್ತು, ಬೆಳಿಗ್ಗೆ ಒಂದು, ಸಂಜೆ ಒಂದು. ನಿಂತುಹೋದ ಬಲಿಗಳನ್ನು ಎಣಿಸಿದರೆ 2300 ಅಂದರೆ 1150 ದಿನ, ಮೂರು ವರ್ಷ ಚಿಲ್ಲರೆ. ಅಂತಿಯೋಕಸನ ಕಾಲಕ್ಕೆ ಹೆಚ್ಚುಕಮ್ಮಿ ಹೊಂದುತ್ತದೆ. ಮಿಲ್ಲರ್ ಆ 2300ನ್ನು ಪೂರ್ತಿ ದಿನ ಎಂದು ತೆಗೆದುಕೊಂಡು, ದಿನವನ್ನು ವರ್ಷ ಮಾಡಿದ. ಕ್ರಿ.ಪೂ. 457ರಿಂದ ಎಣಿಸಿ, ಯೇಸುಸ್ವಾಮಿ ಮರಳಿ ಬರುವ ಕಾಲ ಹತ್ತಿರ ಬಂತು ಎಂದ. 1843 ಬಂತು, ಹೋಯಿತು. ಸೊನ್ನೆ ಎಂಬ ಇಸವಿ ಇಲ್ಲವಲ್ಲ, ಲೆಕ್ಕ ಒಂದು ವರ್ಷ ಮುಂದಕ್ಕೆ ಹೋಯಿತು. ಕೊನೆಗೆ ಅವನ ಕಡೆಯವರು 1844ರ ಅಕ್ಟೋಬರ್ 22 ಎಂದು ಗೊತ್ತುಮಾಡಿದರು. ಕೆಲವರು ಹೊಲದಲ್ಲಿ ಬೆಳೆ ಕೊಯ್ಯದೆ ಬಿಟ್ಟು ಕಾದರು. ಬೆಳಗಾಯಿತು.

ನಗುವುದು ಸುಲಭ. ಆದರೆ ದಾನಿಯೇಲನ ಕೊನೆಯ ಪುಟ ತೆಗೆದು ನೋಡಿ. ನಿತ್ಯಬಲಿ ನಿಂತು ಅಸಹ್ಯ ವಸ್ತು ಬಂದಾಗಿನಿಂದ 1290 ದಿನ ಎಂದು 12ನೇ ಅಧ್ಯಾಯದ 11ನೇ ವಚನ ಹೇಳುತ್ತದೆ. ಮುಂದಿನ ವಚನದಲ್ಲೇ, 1335 ದಿನದ ತನಕ ಕಾದವನು ಧನ್ಯನು ಎಂದಿದೆ. ನಡುವೆ 45 ದಿನ. ಅದು ಯಾಕೆ ಎಂದು ಪುಸ್ತಕ ಹೇಳುವುದಿಲ್ಲ. ಮೊದಲ ಲೆಕ್ಕದ ದಿನ ದಾಟಿಹೋಯಿತು, ಕಾಯುತ್ತಿದ್ದ ಯಾರೋ ಇನ್ನೊಂದು ಸಾಲು ಸೇರಿಸಿದರು ಎಂದು ಕೆಲವು ವಿದ್ವಾಂಸರು ಊಹಿಸುತ್ತಾರೆ. ದೊಡ್ಡಪ್ಪನ ಸತ್ಯವೇದ ಈಗ ನನ್ನ ಹತ್ತಿರ ಇದೆ. ಆ ಎರಡು ವಚನಗಳ ಪಕ್ಕದಲ್ಲಿ ಅಂಚು ಖಾಲಿ. ಅಲ್ಲಿ ಮಾತ್ರ ಅವರು ಪೆನ್ಸಿಲ್ ಮುಟ್ಟಿಸಿಲ್ಲ.

ನಮಸ್ಕಾರ.