ಎರಡು ವಾರದ ರಜೆಗೆ ಒಂದು ದೇಶವೋ ಎರಡು ದೇಶವೋ: ನಾವು ಹೇಗೆ ತೀರ್ಮಾನ ಮಾಡಿದೆವು

ನಮಸ್ಕಾರ ಎಲ್ಲರಿಗೂ. ಈಗ ಸ್ಕ್ರೀನ್ ಮೇಲೆ ಇರುವ ಮ್ಯಾಪ್ ಒಮ್ಮೆ ನೋಡಿ. ಸಮುದ್ರದ ಅಂಚಿಗೆ ಉದ್ದಕ್ಕೆ ಹಬ್ಬಿರುವುದು ವಿಯೆಟ್ನಾಂ. ಅದರ ದಕ್ಷಿಣ ಭಾಗಕ್ಕೆ ಪಶ್ಚಿಮದಲ್ಲಿ ಅಂಟಿಕೊಂಡಿರುವುದು ಕಾಂಬೋಡಿಯಾ. ಮೇಲುಗಡೆ ಹನೋಯ್ ಇದೆ. ಕೆಳಗಡೆ ಹೋ ಚಿ ಮಿನ್ ಸಿಟಿ, ಅಲ್ಲಿಯ ಜನ ಈಗಲೂ ಸೈಗಾನ್ ಅಂತಲೇ ಕರೆಯುತ್ತಾರೆ. ಈ ಎರಡು ಊರುಗಳ ನಡುವೆ ರೈಲು ಹಳಿಯ ಉದ್ದ 1,726 ಕಿ.ಮೀ. ರೈಲಿನಲ್ಲಿ ಮೂವತ್ತು ಗಂಟೆಗೂ ಜಾಸ್ತಿ ಬೇಕು, ವಿಮಾನದಲ್ಲಿ ಎರಡು ಗಂಟೆ. ಈಗ ಸೈಗಾನ್‌ನಿಂದ ಕಾಂಬೋಡಿಯಾದ ಸಿಯೆಮ್ ರೀಪ್‌ಗೆ ಗೆರೆ ಎಳೆಯೋಣ. ವಿಷ್ಣುವಿಗೆ ಕಟ್ಟಿದ ಅಂಕೋರ್ ವಾಟ್ ದೇವಾಲಯ ಇರುವುದು ಅಲ್ಲೇ. ವಿಮಾನದಲ್ಲಿ ಸುಮಾರು ಒಂದು ಗಂಟೆ.

ನೋಡಿದಿರಾ? ಬೇರೆ ದೇಶ ಹತ್ತಿರ ಇದೆ, ಅದೇ ದೇಶದ ಇನ್ನೊಂದು ತುದಿ ದೂರ ಇದೆ. ಈ ವೀಡಿಯೊದಲ್ಲಿ ನಾನು ಹೇಳಬೇಕು ಅಂದುಕೊಂಡಿರುವ ವಿಷಯ ಇದೇ. ಎರಡು ವಾರದ ರಜೆಯಲ್ಲಿ ಎಷ್ಟು ದೇಶ ಅಂತ ಲೆಕ್ಕ ಹಾಕುವುದಕ್ಕಿಂತ ಎಷ್ಟು ಊರು ಅಂತ ಲೆಕ್ಕ ಹಾಕಬೇಕು.

ನಾವು ಹೊರಟಿರುವುದು ಮೂರು ಜನ. ನಾನು, ಇವರು, ಮತ್ತೆ ನಮ್ಮ ಅತ್ತೆ. ಇವರದ್ದು ಮೊದಲಿನಿಂದ ಒಂದೇ ಮಾತು, 'ಒಂದೇ ದೇಶ ನೋಡೋಣ, ಪೂರ್ತಿ ನೋಡೋಣ, ಗಡಿಬಿಡಿ ಬೇಡ.' ಕೇಳುವುದಕ್ಕೆ ಎಷ್ಟು ಸಮಾಧಾನವಾಗಿದೆ ಅಲ್ವಾ? ಹಾಗಾದರೆ ಪಟ್ಟಿ ಬರೆಯಿರಿ ಅಂದೆ. ಹನೋಯ್, ಹಾ ಲಾಂಗ್ ಕೊಲ್ಲಿ, ನಿನ್ ಬಿನ್, ಹುಯೆ, ಹೋಯ್ ಆನ್, ಸೈಗಾನ್. ದೇಶ ಒಂದೇ, ಆದರೆ ತಂಗುವ ಜಾಗ ಆರು.

ಎರಡು ವಾರ ಅಂದರೆ 14 ದಿನ. ಹೋಗುವ ದಿನ, ಬರುವ ದಿನ ತೆಗೆದರೆ ಕೈಯಲ್ಲಿ ಉಳಿಯುವುದು 12. ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವ ದಿನ ಏನಾಗುತ್ತದೆ? ಬೆಳಗ್ಗೆ ಎದ್ದು ಪೆಟ್ಟಿಗೆ ಕಟ್ಟಬೇಕು. ಹೋಟೆಲಿನವರು 11 ಅಥವಾ 12 ಗಂಟೆಗೆ ರೂಮು ಬಿಡಿ ಅನ್ನುತ್ತಾರೆ. ಹೊಸ ಊರಿನಲ್ಲಿ ರೂಮು ಸಿಗುವುದು ಮಧ್ಯಾಹ್ನ 2ರ ಮೇಲೆ. ನಡುವೆ ಬಸ್ಸೋ, ರೈಲೋ, ವಿಮಾನವೋ. ಕಡಿಮೆ ಅಂದರೂ ಅರ್ಧ ದಿನ ಹೋಯಿತು. ಆರು ಊರಿಗೆ ಐದು ಸಲ ಹೀಗೆ ಎದ್ದು ಹೊರಡಬೇಕು. ಅಂದರೆ ಎರಡೂವರೆ ದಿನ ಬರೀ ಪೆಟ್ಟಿಗೆ ಜೊತೆಗೇ ಕಳೆಯಿತು. ಅತ್ತೆಗೆ ಮಂಡಿ ನೋವು ಬೇರೆ ಇದೆ. ಪ್ರತಿ ಎರಡು ದಿನಕ್ಕೊಮ್ಮೆ ಬಸ್ಸಿನ ಮೆಟ್ಟಿಲು ಹತ್ತಿಸಿ ಇಳಿಸುವ ರಜೆ ನನಗೆ ಬೇಡ ಅಂತ ಸ್ಪಷ್ಟವಾಗಿ ಹೇಳಿದೆ.

ಇನ್ನೊಂದು ವಿಷಯ, ಹವಾಮಾನ. ನಮ್ಮ ರಜೆ ಫೆಬ್ರವರಿ ಕೊನೆಯಿಂದ ಮಾರ್ಚ್ ಮೊದಲ ವಾರದವರೆಗೆ. ವಿಯೆಟ್ನಾಂ ಎಷ್ಟು ಉದ್ದ ಇದೆ ಅಂದರೆ ಇಡೀ ದೇಶಕ್ಕೆ ಒಂದೇ ಹವಾಮಾನ ಇರುವುದೇ ಇಲ್ಲ. ಆ ಹೊತ್ತಿನಲ್ಲಿ ಸೈಗಾನ್‌ನಲ್ಲಿ ಒಳ್ಳೆ ಬಿಸಿಲು. ನಡುವಿನ ಹೋಯ್ ಆನ್, ಡಾ ನಾಂಗ್ ಕಡೆ ಮಳೆಗಾಲ ಮುಗಿದು ಹಿತವಾಗಿರುತ್ತದೆ. ಅದೇ ಊರಿಗೆ ಅಕ್ಟೋಬರ್, ನವೆಂಬರ್‌ನಲ್ಲಿ ಹೋದರೆ ಪ್ರವಾಹದ ಭಯ. ಹೋಯ್ ಆನ್‌ನ ಹಳೇ ಬೀದಿಗಳಿಗೆ ನದಿ ನೀರು ನುಗ್ಗುವುದು ಆ ತಿಂಗಳುಗಳಲ್ಲೇ. ಇನ್ನು ಉತ್ತರದ ಹನೋಯ್‌ನಲ್ಲಿ ಫೆಬ್ರವರಿ, ಮಾರ್ಚ್ ಅಂದರೆ ಮೋಡ, ಚಳಿ, ಜಿಟಿಜಿಟಿ ಮಳೆ. ಹಾ ಲಾಂಗ್ ಕೊಲ್ಲಿಯ ಚೆಂದ ಇರುವುದೇ ನೀರಿನಿಂದ ಎದ್ದು ನಿಂತ ಆ ಸುಣ್ಣಕಲ್ಲಿನ ಗುಡ್ಡಗಳಲ್ಲಿ. ಮಂಜಿನಲ್ಲಿ ಅವೇ ಕಾಣದಿದ್ದರೆ ಅಷ್ಟು ದೂರ ಯಾಕೆ ಹೋಗಬೇಕು? ಹಾಗಾಗಿ ಈ ಸಲ ಉತ್ತರ ವಿಯೆಟ್ನಾಂ ಪೂರ್ತಿ ಬಿಟ್ಟೆವು. ನೀವು ಹಾ ಲಾಂಗ್ ನೋಡಲೇಬೇಕು ಅನ್ನುವವರಾದರೆ ಅಕ್ಟೋಬರ್‌ನಲ್ಲಿ ಹೋಗಿ. ಹನೋಯ್, ನಿನ್ ಬಿನ್, ಹಾ ಜಾಂಗ್ ಕಡೆಯ ಬೆಟ್ಟದ ರಸ್ತೆಗಳು, ಇಷ್ಟಕ್ಕೇ ಎರಡು ವಾರ ಕೊಡಿ. ಅಂಥವರಿಗೆ ಒಂದು ದೇಶವೂ ಪೂರ್ತಿ ಬೇಕಿಲ್ಲ, ಅದರ ಒಂದು ಭಾಗವೇ ಸಾಕು.

ತಾರೀಖು ಹಿಡಿಯುವಾಗ ಟೆಟ್ ಹಬ್ಬ ಯಾವಾಗ ಅಂತಲೂ ನೋಡಿಕೊಳ್ಳಿ. ಅದು ಅವರ ಹೊಸ ವರ್ಷ. ಚಂದ್ರಮಾನದ ಪ್ರಕಾರ ಜನವರಿ ಕೊನೆಯಿಂದ ಫೆಬ್ರವರಿ ಮೂರನೇ ವಾರದೊಳಗೆ ಬರುತ್ತದೆ. ಆ ದಿನಗಳಲ್ಲಿ ಎಲ್ಲರೂ ಊರಿಗೆ ಹೋಗುತ್ತಾರೆ, ರೈಲಿನಲ್ಲಿ ಸೀಟು ಸಿಗುವುದಿಲ್ಲ, ಎಷ್ಟೋ ಅಂಗಡಿ, ಹೋಟೆಲುಗಳು ಬಾಗಿಲು ಹಾಕಿರುತ್ತವೆ.

ಹಾಗಾದರೆ ಎರಡನೇ ದೇಶ ಯಾಕೆ? ಬರೀ ಸೈಗಾನ್, ಹೋಯ್ ಆನ್ ನೋಡಿಕೊಂಡು ಬರಬಹುದಲ್ಲ? ಬರಬಹುದು, ತುಂಬಾ ಆರಾಮಾಗಿ ಬರಬಹುದು. ಆದರೆ ಹೋಯ್ ಆನ್ ಬಗ್ಗೆ ಓದುತ್ತಾ ಓದುತ್ತಾ ನನಗೆ ಮಿ ಸೋನ್ ಸಿಕ್ಕಿತು. ಈ ಪ್ರವಾಸದಲ್ಲಿ ನಾನು ಮನಸ್ಸು ಕೊಟ್ಟಿರುವ ಜಾಗ ಅದೇ, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹೋಯ್ ಆನ್‌ನಿಂದ ಸುಮಾರು 40 ಕಿ.ಮೀ. ದೂರದಲ್ಲಿ, ಬೆಟ್ಟಗಳ ನಡುವಿನ ಒಂದು ಕಣಿವೆ. ಅಲ್ಲಿ ಚಾಂಪಾ ರಾಜ್ಯದವರು ನಾಲ್ಕನೇ ಶತಮಾನದಿಂದ ಹದಿಮೂರನೇ ಶತಮಾನದವರೆಗೆ ದೇವಸ್ಥಾನಗಳನ್ನು ಕಟ್ಟುತ್ತಲೇ ಇದ್ದರು. ಹೆಚ್ಚಿನವು ಶಿವನ ಗುಡಿಗಳು. ಮೊದಲು ಕಟ್ಟಿಸಿದ ರಾಜನ ಹೆಸರು ಭದ್ರವರ್ಮ, ಅವನು ಸ್ಥಾಪಿಸಿದ ಲಿಂಗಕ್ಕೆ ಭದ್ರೇಶ್ವರ ಅಂತ ಹೆಸರು. ಸಂಸ್ಕೃತದ ಶಾಸನಗಳಿವೆ. ಗೋಡೆಗಳು ಕೆಂಪು ಇಟ್ಟಿಗೆಯವು. ಇಟ್ಟಿಗೆಗಳ ನಡುವೆ ಗಾರೆ ಕಣ್ಣಿಗೇ ಕಾಣುವುದಿಲ್ಲ. 1969ರಲ್ಲಿ ಅಮೆರಿಕದ ಬಾಂಬ್ ದಾಳಿಯಲ್ಲಿ ಬಹಳಷ್ಟು ಗುಡಿಗಳು ನೆಲಸಮ ಆದವು. ಉಳಿದವುಗಳಲ್ಲಿ ಕೆಲವನ್ನು ದುರಸ್ತಿ ಮಾಡಿದವರು ನಮ್ಮ ಭಾರತೀಯ ಪುರಾತತ್ವ ಇಲಾಖೆಯವರು. ಆ ಕೆಲಸ ನಡೆಯುವಾಗ 2020ರಲ್ಲಿ ಒಂಬತ್ತನೇ ಶತಮಾನದ ಏಕಶಿಲೆಯ ಶಿವಲಿಂಗ ಸಿಕ್ಕಿತು. ಆಗ ಪೇಪರಿನಲ್ಲಿ ಬಂದಿತ್ತು, ನಿಮಗೂ ನೆನಪಿರಬಹುದು. ಚಾಂಪಾದ ಶಿಲ್ಪಗಳನ್ನು ಹತ್ತಿರದಿಂದ ನೋಡಬೇಕಾದರೆ ಡಾ ನಾಂಗ್‌ನಲ್ಲಿ 1919ರಲ್ಲಿ ತೆರೆದ ಚಾಮ್ ಮ್ಯೂಸಿಯಂ ಇದೆ.

ಈ ಚಾಂಪಾದವರಿಗೂ ಪಕ್ಕದ ಕಾಂಬೋಡಿಯಾದ ಖ್ಮೇರ್ ರಾಜರಿಗೂ ಕಾಲಕಾಲಕ್ಕೆ ಯುದ್ಧ. ಅಂಕೋರ್ ವಾಟ್ ಕಟ್ಟಿಸಿದ ಎರಡನೇ ಸೂರ್ಯವರ್ಮ ಚಾಂಪಾದ ಮೇಲೆ ದಂಡೆತ್ತಿ ಹೋಗಿದ್ದ. ಆಮೇಲೆ 1177ರಲ್ಲಿ ಚಾಂಪಾದವರೇ ಬಂದು ಅಂಕೋರ್ ನಗರವನ್ನು ಲೂಟಿ ಮಾಡಿದರು ಅನ್ನುತ್ತದೆ ಇತಿಹಾಸ. ಅವರನ್ನು ಓಡಿಸಿ ರಾಜನಾದವನು ಏಳನೇ ಜಯವರ್ಮ. ಅವನು ಕಟ್ಟಿಸಿದ ಬಾಯೊನ್ ದೇವಾಲಯದ ಗೋಡೆ ಮೇಲೆ ಚಾಂಪಾದವರ ಜೊತೆ ನಡೆದ ನೌಕಾಯುದ್ಧವನ್ನು ಉದ್ದಕ್ಕೆ ಕೆತ್ತಿದ್ದಾರೆ. ದೋಣಿಯಲ್ಲಿ ಚಾಂಪಾ ಸೈನಿಕರು, ನೀರಿಗೆ ಬಿದ್ದವರು, ಕಾಯುತ್ತಿರುವ ಮೊಸಳೆಗಳು. ಮಿ ಸೋನ್ ನೋಡಿ ಬಾಯೊನ್ ನೋಡದಿದ್ದರೆ ಒಂದೇ ಜಗಳದಲ್ಲಿ ಒಬ್ಬರ ಮಾತು ಮಾತ್ರ ಕೇಳಿದ ಹಾಗೆ.

ಇದನ್ನೆಲ್ಲ ಓದಿ ಹೇಳಿದಾಗ ಇವರ ಹಟ ಸ್ವಲ್ಪ ಸಡಿಲ ಆಯಿತು. ಪೂರ್ತಿ ಬದಲಾಗಿದ್ದು ಅತ್ತೆ ಮಾತಿನಿಂದ. ಅತ್ತೆ ಹಾಸನದವರು. ಬೇಲೂರು, ಹಳೇಬೀಡು ಅವರಿಗೆ ಪಕ್ಕದ ಬೀದಿಯಷ್ಟೇ ಪರಿಚಯ. ಸೂರ್ಯವರ್ಮ ಪಟ್ಟಕ್ಕೆ ಬಂದಿದ್ದು 1113ರಲ್ಲಿ ಅಂತ ನಾನು ಓದಿದೆ. ತಕ್ಷಣ ಅವರು, 'ವಿಷ್ಣುವರ್ಧನ ಬೇಲೂರಲ್ಲಿ ಚೆನ್ನಕೇಶವನ್ನ ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ ಕಣಮ್ಮ. ಹಾಗಾದ್ರೆ ಇವರಿಬ್ರೂ ಒಂದೇ ಕಾಲದವರು' ಅಂದರು. ಹೌದು, ಅಲ್ಲೂ ವಿಷ್ಣು, ಇಲ್ಲೂ ವಿಷ್ಣು. ಎರಡು ಕಡೆಯೂ ಒಂದೇ ಹೊತ್ತಿನಲ್ಲಿ ಉಳಿ ಸದ್ದು ಮಾಡುತ್ತಿತ್ತು. ಅಂಕೋರ್ ವಾಟ್‌ನ ಪೂರ್ವದ ಪಡಸಾಲೆಯಲ್ಲಿ ಸುಮಾರು 49 ಮೀಟರ್ ಉದ್ದದ ಸಮುದ್ರ ಮಥನದ ಕೆತ್ತನೆ ಇದೆ. ಪಶ್ಚಿಮದಲ್ಲಿ ಒಂದು ಕಡೆ ಕುರುಕ್ಷೇತ್ರ, ಇನ್ನೊಂದು ಕಡೆ ಲಂಕೆಯ ಯುದ್ಧ. ಬಂಟೆಯ್ ಸ್ರೇಯ್ ಅಂತ ಇನ್ನೊಂದು ಗುಡಿ ಇದೆ, 967ರದ್ದು, ನಸುಗೆಂಪು ಕಲ್ಲಿನದು. ಅಲ್ಲಿ ರಾವಣ ಕೈಲಾಸ ಎತ್ತುವ ಕೆತ್ತನೆ ಇದೆ. ಹಳೇಬೀಡಿನಲ್ಲಿ ಅದೇ ಕಥೆಯನ್ನು ನೋಡಿರುವ ಅತ್ತೆ ಅಲ್ಲಿ ನಿಂತು ಏನು ಹೇಳುತ್ತಾರೆ ಅಂತ ಕೇಳುವ ಆಸೆ ನನಗೆ. ಗೈಡ್ ಇಲ್ಲದೆಯೂ ಅವರು ಅರ್ಧ ಗೋಡೆ ಓದಿಬಿಡುತ್ತಾರೆ.

ಸರಿ, ಎರಡು ದೇಶ ಅಂತ ಆಯಿತು. ಇದರ ಬೆಲೆ ಏನು?

ದುಡ್ಡಿನ ವಿಷಯ ಮೊದಲು. ವಿಯೆಟ್ನಾಂ ಇ-ವೀಸಾ ಒಂದು ಸಲ ಒಳಗೆ ಹೋಗುವುದಕ್ಕೆ 25 ಡಾಲರ್. ಹೊರಗೆ ಹೋಗಿ ಮತ್ತೆ ವಾಪಸ್ ಬರುವ ಹಾಗಿದ್ದರೆ 50 ಡಾಲರ್‌ನದು ಬೇಕು. ಕಾಂಬೋಡಿಯಾ ಟೂರಿಸ್ಟ್ ವೀಸಾ 30 ಡಾಲರ್. ಅಂಕೋರ್ ಪಾಸ್, ಅಂದರೆ ಅಲ್ಲಿಯ ದೇವಾಲಯಗಳನ್ನು ನೋಡುವ ಟಿಕೆಟ್, ಒಂದು ದಿನಕ್ಕೆ 37, ಮೂರು ದಿನಕ್ಕೆ 62, ಏಳು ದಿನಕ್ಕೆ 72 ಡಾಲರ್. ನಾವು ಮೂರು ದಿನದ್ದು ತೆಗೆದುಕೊಳ್ಳುತ್ತೇವೆ. ಅದನ್ನು ಹತ್ತು ದಿನದೊಳಗೆ ಯಾವ ಮೂರು ದಿನ ಬೇಕಾದರೂ ಬಳಸಬಹುದು. ಒಂದು ದಿನ ನೋಡಿ, ಒಂದು ದಿನ ಸುಮ್ನೆ ಕಾಲು ಚಾಚಿ ಕೂತು, ಮತ್ತೆ ಹೋಗಬಹುದು. ಹಿರಿಯರ ಜೊತೆ ಹೋಗುವವರು ಇದನ್ನು ಗಮನಿಸಿ. ವೀಸಾ, ಪಾಸ್ ಸೇರಿ ಎರಡನೇ ದೇಶಕ್ಕೆ ಒಬ್ಬರಿಗೆ 92 ಡಾಲರ್ ಜಾಸ್ತಿ. ಮೂರು ಜನಕ್ಕೆ 276. ಅದರ ಮೇಲೆ ವಿಮಾನದ ಟಿಕೆಟ್. ಕಡಿಮೆ ಏನಲ್ಲ. ಹನೋಯ್, ಹಾ ಲಾಂಗ್ ಬಿಟ್ಟಿದ್ದರಿಂದ ಅಲ್ಲಿಯ ಟಿಕೆಟ್ಟು, ಹಡಗಿನ ಖರ್ಚು ಉಳಿಯಿತು, ಅದನ್ನೇ ಇಲ್ಲಿಗೆ ತಿರುಗಿಸಿದೆವು.

ಇನ್ನು ಸಮಯ. ಸೈಗಾನ್‌ನಿಂದ ಸಿಯೆಮ್ ರೀಪ್‌ಗೆ ವಿಮಾನ ಒಂದು ಗಂಟೆ ಅಂದೆನಲ್ಲ, ಆ ದಿನವನ್ನು ಮಾತ್ರ ಪೂರ್ತಿ ಪ್ರಯಾಣಕ್ಕೇ ಬರೆದುಕೊಳ್ಳಿ. ವಿಮಾನ ನಿಲ್ದಾಣಕ್ಕೆ ಎರಡು ಮೂರು ಗಂಟೆ ಮುಂಚೆ ಹೋಗಬೇಕು. ಎರಡೂ ಕಡೆ ಇಮಿಗ್ರೇಷನ್ ಸಾಲು. ಅದರ ಮೇಲೆ ಸಿಯೆಮ್ ರೀಪ್‌ನ ಹೊಸ ವಿಮಾನ ನಿಲ್ದಾಣ ಊರಿನಿಂದ ಸುಮಾರು 50 ಕಿ.ಮೀ. ಆಚೆ ಇದೆ. ಅದು ಶುರುವಾಗಿದ್ದು 2023ರ ಅಕ್ಟೋಬರ್‌ನಲ್ಲಿ. ಹಳೆಯದು ದೇವಸ್ಥಾನಗಳ ಪಕ್ಕದಲ್ಲೇ ಇತ್ತು, ಹಾಗಾಗಿ ಹಳೇ ವ್ಲಾಗ್ ನೋಡಿ ಹತ್ತು ನಿಮಿಷ ಅಂತ ಲೆಕ್ಕ ಹಾಕಬೇಡಿ. ಬಸ್ಸಿನ ದಾರಿಯೂ ಇದೆ. ಮೋಕ್ ಬಾಯ್ ಗಡಿ ದಾಟಿ ಕಾಂಬೋಡಿಯಾದ ರಾಜಧಾನಿ ನಾಮ್ ಪೆನ್, ಅಲ್ಲಿಂದ ಮತ್ತೆ 300 ಕಿ.ಮೀ.ಗೂ ಜಾಸ್ತಿ. ಹುಡುಗರು ಹೋಗಬಹುದು, ನಾವು ವಿಮಾನವನ್ನೇ ಆರಿಸಿಕೊಂಡೆವು.

ಟಿಕೆಟ್ ಮಾಡುವಾಗ ಒಂದು ವಿಷಯ ತುಂಬಾ ಉಪಯೋಗಕ್ಕೆ ಬಂತು. ಹೋಗುವುದು ಬೆಂಗಳೂರಿನಿಂದ ಸೈಗಾನ್‌ಗೆ, ವಾಪಸ್ ಹೊರಡುವುದು ಸಿಯೆಮ್ ರೀಪ್‌ನಿಂದ. ಟಿಕೆಟ್ ಹುಡುಕುವ ಆ್ಯಪ್‌ಗಳಲ್ಲಿ ಮಲ್ಟಿ-ಸಿಟಿ ಅಂತ ಒಂದು ಆಯ್ಕೆ ಇರುತ್ತದೆ, ಅದರಲ್ಲೇ ಹಾಕಿ. ಹೀಗೆ ಮಾಡಿದರೆ ಸಿಯೆಮ್ ರೀಪ್‌ನಿಂದ ಮತ್ತೆ ಸೈಗಾನ್‌ಗೆ ವಾಪಸ್ ಬರುವ ಒಂದು ದಿನ ಉಳಿಯುತ್ತದೆ. ವಿಯೆಟ್ನಾಂಗೆ 25 ಡಾಲರ್‌ನ ವೀಸಾ ಸಾಕಾಗುತ್ತದೆ. ನಡುವೆ ಬೇರೆ ದೇಶದಲ್ಲಿ ವಿಮಾನ ಬದಲಿಸುವುದಿದ್ದರೆ ಎಲ್ಲಾ ಒಂದೇ ಟಿಕೆಟ್‌ನಲ್ಲಿ ಇರಲಿ. ಬೇರೆ ಬೇರೆ ತೆಗೆದುಕೊಂಡರೆ ಲಗೇಜ್ ಹೊರಗೆ ತೆಗೆದು ಮತ್ತೆ ಹಾಕಬೇಕಾಗಬಹುದು.

ಥಾಯ್ಲೆಂಡ್ ಕೂಡ ಸೇರಿಸಬಹುದಿತ್ತಲ್ಲ ಅಂತ ನಮ್ಮ ಮನೆಯಲ್ಲೂ ಕೇಳಿದರು. 2025ರಲ್ಲಿ ಥಾಯ್ಲೆಂಡ್, ಕಾಂಬೋಡಿಯಾ ನಡುವೆ ಗಡಿಯಲ್ಲಿ ಗುಂಡಿನ ಚಕಮಕಿ ನಡೆಯಿತು, ರಸ್ತೆ ಗಡಿಗಳನ್ನು ಮುಚ್ಚಿದರು. ಆ ದಾರಿ ನಾವು ಯೋಚಿಸಲೇ ಇಲ್ಲ. ಸಿಯೆಮ್ ರೀಪ್ ಗಡಿಗೆ ತಾಗಿಕೊಂಡಿಲ್ಲ, ಆದರೂ ಹೊರಡುವ ಮುಂಚೆ ನಮ್ಮ ವಿದೇಶಾಂಗ ಇಲಾಖೆಯ ಸೂಚನೆ ನೋಡಿಕೊಳ್ಳುವುದು ಒಳ್ಳೆಯದು. ಅಲ್ಲಿಯ ಹೋಟೆಲನ್ನು ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಬರುವ ಹಾಗೆಯೇ ಬುಕ್ ಮಾಡಿದ್ದೇವೆ. ಏನಾದರೂ ಆದರೆ ಆ ದಿನಗಳನ್ನು ಹುಯೆಗೆ ಕೊಡುತ್ತೇವೆ. 1802ರಿಂದ 1945ರವರೆಗೆ ವಿಯೆಟ್ನಾಂ ರಾಜಧಾನಿ ಆಗಿದ್ದ ಊರು ಅದು. ಡಾ ನಾಂಗ್‌ನಿಂದ ಸಮುದ್ರದ ಪಕ್ಕದಲ್ಲೇ ರೈಲು ಹೋಗುತ್ತದೆ.

ಇಷ್ಟೆಲ್ಲ ಆದ ಮೇಲೆ ನಮ್ಮ ಪಟ್ಟಿ ಹೀಗಿದೆ. ಸೈಗಾನ್‌ನಲ್ಲಿ ಎರಡೇ ರಾತ್ರಿ. ಆಮೇಲೆ ಹೋಯ್ ಆನ್, ಅಲ್ಲಿ ಜಾಸ್ತಿ ದಿನ. ಕೊನೆಗೆ ಸೈಗಾನ್ ಮೂಲಕವೇ ಸಿಯೆಮ್ ರೀಪ್, ಅಲ್ಲೂ ಜಾಸ್ತಿ ದಿನ. ದೇಶ ಎರಡು, ಊರು ಮೂರೇ. ಒಂದು ದೇಶದ ಪಟ್ಟಿಯಲ್ಲಿ ಇದ್ದದ್ದರ ಅರ್ಧ.

ಒಂದೇ ಊರಿನಲ್ಲಿ ಜಾಸ್ತಿ ದಿನ ಇರುವುದರಿಂದ ಊಟದ ಚಿಂತೆಯೂ ಕಡಿಮೆ. ಅತ್ತೆ ಶುದ್ಧ ಸಸ್ಯಾಹಾರಿ. ವಿಯೆಟ್ನಾಂನಲ್ಲಿ ತೋಫು ಹಾಕಿದ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ, ಕಾಂಬೋಡಿಯಾದಲ್ಲಿ ಮೀನಿನ ಪೇಸ್ಟ್. ಆದರೆ ವಿಯೆಟ್ನಾಂನಲ್ಲಿ ಬೌದ್ಧರ ಪದ್ಧತಿ ಇದೆ, 'ಚಾಯ್' (ಅವರ ಭಾಷೆಯಲ್ಲಿ ಸಸ್ಯಾಹಾರ, ಟೀ ಅಲ್ಲ) ಅಂತ ಬೋರ್ಡ್ ಇರುವ ಹೋಟೆಲುಗಳಲ್ಲಿ ಪೂರ್ತಿ ಸಸ್ಯಾಹಾರ. ಚಂದ್ರಮಾನ ತಿಂಗಳ ಒಂದನೇ ಮತ್ತು ಹದಿನೈದನೇ ದಿನ ಅಲ್ಲಿಯ ಎಷ್ಟೋ ಜನ ಮಾಂಸ ಮುಟ್ಟುವುದಿಲ್ಲ. ಆ ಹದಿನೈದರ ಹಿಂದಿನ ಸಂಜೆ ಹೋಯ್ ಆನ್‌ನಲ್ಲಿ ಲಾಟೀನು ಹಬ್ಬ. ನಮ್ಮ ದಿನಗಳನ್ನು ಆ ಸಂಜೆಗೆ ಸರಿಯಾಗಿ ಹೊಂದಿಸಿದ್ದೇವೆ. ಅಡುಗೆಮನೆ ಇರುವ ಮನೆ ಬಾಡಿಗೆಗೆ ಹಿಡಿದಿದ್ದೇವೆ. ಅವಲಕ್ಕಿ, ಚಟ್ನಿಪುಡಿ, ಮೆಂತ್ಯದ ಹಿಟ್ಟು ಅತ್ತೆ ಆಗಲೇ ಡಬ್ಬಿಗೆ ತುಂಬುತ್ತಿದ್ದಾರೆ.

ಈ ವಾರ ವೀಸಾ ಅರ್ಜಿ ಹಾಕುತ್ತೇವೆ. ಫೋಟೊ, ಪಾಸ್‌ಪೋರ್ಟ್ ಸ್ಕ್ಯಾನ್, ಒಳಗೆ ಹೋಗುವ ವಿಮಾನ ನಿಲ್ದಾಣದ ಹೆಸರು, ಎಲ್ಲ ಒಟ್ಟಿಗೆ ಇಟ್ಟುಕೊಂಡು ಸರ್ಕಾರದ ವೆಬ್‌ಸೈಟಿನಲ್ಲೇ ಹಾಕುತ್ತೇವೆ. ಅದೇ ಥರ ಕಾಣುವ ಏಜೆಂಟರ ಸೈಟುಗಳು ಬಹಳ ಇವೆ, ನೋಡಿಕೊಂಡು ಹಾಕಿ. ಮುಂದಿನ ವೀಡಿಯೊದಲ್ಲಿ ಆ ಅರ್ಜಿಯನ್ನು ಒಂದೊಂದೇ ಹಂತದಲ್ಲಿ ತೋರಿಸುತ್ತೇನೆ. ಹೋಯ್ ಆನ್‌ಗೆ ಹೋಗಿ ಬಂದವರು ಯಾರಾದರೂ ಇದ್ದರೆ, ಮಿ ಸೋನ್‌ನಲ್ಲಿ ಮಂಡಿ ನೋವಿರುವವರಿಗೆ ನಡಿಗೆ ಎಷ್ಟು ಆಗುತ್ತದೆ ಅಂತ ದಯವಿಟ್ಟು ತಿಳಿಸಿ. ಅತ್ತೆಯೂ ಓದುತ್ತಾರೆ.