ಎಲ್ಲರ ಉಸಿರೂ 20 ಅಲ್ಲ

ಪ್ರೀತಿಯ ನರ್ಸಿಂಗ್ ವಿದ್ಯಾರ್ಥಿಗಳೇ,

ವಾರ್ಡಿಗೆ ಹೋದಾಗ ಜ್ವರ, ನಾಡಿ, ಉಸಿರು ಬರೆಯುವ ಟಿಪಿಆರ್ ಚಾರ್ಟುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ಜ್ವರದ ಅಂಕಿ ಒಬ್ಬೊಬ್ಬರದು ಒಂದೊಂದು, ನಾಡಿಯೂ ಹಾಗೆಯೇ. ಉಸಿರಾಟದ ಕಾಲಮ್ಮಿನಲ್ಲಿ ಮಾತ್ರ 20, 20, 18, 20 ಎಂದು ಸಾಲಾಗಿ ಬರೆದಿರುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ನ್ಯುಮೋನಿಯಾ ಆದವರಿಗೂ 20, ನಾಳೆ ಡಿಸ್ಚಾರ್ಜ್ ಆಗಿ ಮನೆಗೆ ಹೊರಡುವವರಿಗೂ 20.

ನಾನೂ ಹಾಗೆ ಬರೆದವಳೇ. ಕೆಲಸಕ್ಕೆ ಸೇರಿದ ಮೊದಲ ವರ್ಷ, ರಾತ್ರಿ ಪಾಳಿ. ಕರುಳಿನ ಆಪರೇಷನ್ ಆಗಿ ಮೂರನೇ ದಿನದ ರೋಗಿ. ಬಿಪಿ ಸರಿಯಾಗಿತ್ತು, ಜ್ವರ ಇರಲಿಲ್ಲ, ಆಕ್ಸಿಜನ್ ಮಾಸ್ಕ್ ಹಾಕಿದ್ದರಿಂದ ಸ್ಯಾಚುರೇಶನ್ (ರಕ್ತದಲ್ಲಿನ ಆಮ್ಲಜನಕದ ಮಟ್ಟ) ಶೇ. 97 ಇತ್ತು. ಉಸಿರು ಎಣಿಸದೆ 20 ಎಂದು ಬರೆದೆ. ಅವರ ಹೆಂಡತಿ ಎರಡು ಸಲ ಎದ್ದು ಬಂದರು. "ಸಿಸ್ಟರ್, ಇವ್ರು ಯಾಕೋ ಸಂಜೆ ಇದ್ದ ಹಾಗಿಲ್ಲ" ಎಂದರು. ನಿದ್ದೆ ಬಂದಿಲ್ಲ ಅಷ್ಟೇ, ಹೆದರಬೇಡಿ ಎಂದು ಹೇಳಿ ಕಳಿಸಿದೆ. ಬೆಳಗಿನ ಪಾಳಿಗೆ ಬಂದ ಹಿರಿಯ ಸಿಸ್ಟರ್ ಹಾಸಿಗೆ ಪಕ್ಕ ಒಂದು ನಿಮಿಷ ನಿಂತು ಎಣಿಸಿದರು. 34 ಇತ್ತು. ಮಧ್ಯಾಹ್ನದ ಹೊತ್ತಿಗೆ ರೋಗಿ ಐಸಿಯುನಲ್ಲಿದ್ದರು. ಜೀವ ಉಳಿಯಿತು, ಆದರೆ ವಾರಗಟ್ಟಲೆ ನರಳಿದರು. ನನ್ನ ಕೈಬರಹದ ಆ 20 ಇವತ್ತಿಗೂ ಕಣ್ಣ ಮುಂದೆ ಬರುತ್ತದೆ.

ಉಸಿರು ಯಾಕೆ ಏರಿತ್ತು? ಸೋಂಕು ಮೈಯೆಲ್ಲ ಆವರಿಸಿಕೊಂಡು ಸೆಪ್ಸಿಸ್ ಆದಾಗ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಹೆಚ್ಚುತ್ತದೆ. ಆ ಆಮ್ಲತೆಯನ್ನು ಇಳಿಸಲು ದೇಹಕ್ಕೆ ತಕ್ಷಣ ಸಿಗುವ ದಾರಿ ಇಂಗಾಲದ ಡೈ ಆಕ್ಸೈಡನ್ನು ಹೊರಗೆ ಹಾಕುವುದು. ಅದಕ್ಕೆ ಉಸಿರು ವೇಗವಾಗುತ್ತದೆ. ಬಿಪಿ ಬೀಳುವ ಎಷ್ಟೋ ಗಂಟೆ ಮೊದಲೇ ಇದು ಶುರುವಾಗಿರಬಹುದು. ಬೆರಳಿಗೆ ಸಿಕ್ಕಿಸಿದ ಕ್ಲಿಪ್ 97 ಎಂದು ತೋರಿಸುತ್ತದೆ. ಆ 97 ಉಳಿಸಿಕೊಳ್ಳಲು ರೋಗಿ ಎಷ್ಟು ಹೆಣಗುತ್ತಿದ್ದಾರೆ ಎಂಬುದು ಅದಕ್ಕೆ ತಿಳಿಯದು.

ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ತಂದು 2017ರಲ್ಲಿ ಪರಿಷ್ಕರಿಸಿದ 'ನ್ಯೂಸ್' ಎಂಬ ಎಚ್ಚರಿಕೆಯ ಅಂಕಪಟ್ಟಿಯಲ್ಲಿ ಉಸಿರು ನಿಮಿಷಕ್ಕೆ 12ರಿಂದ 20 ಇದ್ದರೆ ಸೊನ್ನೆ; ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು. 25 ಮುಟ್ಟಿದರೆ 3 ಅಂಕ, ಅದೊಂದೇ ಇದ್ದರೂ ವೈದ್ಯರಿಗೆ ತಿಳಿಸಲೇಬೇಕು. (ಈ ಪಟ್ಟಿ ಗರ್ಭಿಣಿಯರಿಗೂ 16 ವರ್ಷದೊಳಗಿನವರಿಗೂ ಅಲ್ಲ, ನೆನಪಿರಲಿ.) ಎಣಿಸದೆ 20 ಬರೆದಾಗ ನಾನು ಆ 3 ಅಂಕವನ್ನು ಅಳಿಸಿ ಸೊನ್ನೆ ಮಾಡಿದ್ದೆ.

ಅಮೆರಿಕದ ನರ್ಸಿಂಗ್ ಪ್ರಾಧ್ಯಾಪಕಿ ಕ್ರಿಸ್ಟೀನ್ ಟ್ಯಾನರ್ 2006ರಲ್ಲಿ, ರೋಗಿಯ ಸ್ಥಿತಿ ನೋಡಿ ನಿರ್ಧಾರ ಮಾಡುವ ಕ್ಲಿನಿಕಲ್ ಜಡ್ಜ್‌ಮೆಂಟನ್ನು ನಾಲ್ಕು ಹಂತಗಳಲ್ಲಿ ವಿವರಿಸಿದರು: ಗಮನಿಸುವುದು, ಅರ್ಥ ಮಾಡಿಕೊಳ್ಳುವುದು, ಕ್ರಮ ಕೈಗೊಳ್ಳುವುದು, ಆಮೇಲೆ ಅದರ ಬಗ್ಗೆ ಯೋಚಿಸುವುದು. ಪರೀಕ್ಷೆಗೆ ನೀವು ನಾಲ್ಕನ್ನೂ ಬಾಯಿಪಾಠ ಮಾಡುತ್ತೀರಿ. ವಾರ್ಡಿನಲ್ಲಿ ನಾವು ಎಡವುವುದು ಹೆಚ್ಚಾಗಿ ಮೊದಲನೆಯದರಲ್ಲೇ ಎಂಬುದು ನನ್ನ ಅನುಭವ. ರೋಗಿ ಮಾಮೂಲಿಯಾಗಿ ಹೇಗಿರುತ್ತಾರೆ ಎಂದು ಗೊತ್ತಿದ್ದರೆ ಮಾತ್ರ ಬದಲಾವಣೆ ಕಾಣುತ್ತದೆ ಎಂದೂ ಟ್ಯಾನರ್ ಹೇಳುತ್ತಾರೆ. ಆ ರಾತ್ರಿ ಅದು ಗೊತ್ತಿದ್ದದ್ದು ಹೆಂಡತಿಗೆ. ನಾನು ಅವರಿಗೆ ಸಮಾಧಾನ ಹೇಳಿದೆ, ಅವರ ಮಾತು ಕೇಳಿಸಿಕೊಳ್ಳಲಿಲ್ಲ.

ನಮ್ಮ ಜನ ಪಠ್ಯಪುಸ್ತಕದ ಭಾಷೆಯಲ್ಲಿ ಕಾಯಿಲೆ ಹೇಳುವುದಿಲ್ಲ. "ಗ್ಯಾಸ್ ಆಗಿದೆ", "ಎದೆ ಉರಿ", "ಏನೋ ಸಂಕಟ", "ಕೈಕಾಲು ಸೋತು ಬರ್ತಿದೆ" ಅನ್ನುತ್ತಾರೆ. ಸಕ್ಕರೆ ಕಾಯಿಲೆ ಇರುವ 60 ವರ್ಷದ ಅಜ್ಜಿ ಬೆವರುತ್ತಾ "ಗ್ಯಾಸ್ ಕಣಮ್ಮಾ" ಎಂದರೆ ಅದು ಹೃದಯಾಘಾತವೂ ಇರಬಹುದು. ಮಾತ್ರೆ ಹುಡುಕುವ ಮೊದಲು ಇಸಿಜಿ ಆಗಬೇಕು, 10 ನಿಮಿಷದೊಳಗೆ.

ಗಮನಿಸಿದ್ದನ್ನು ಹೇಳುವುದೂ ಕಲಿಯಬೇಕಾದ ವಿದ್ಯೆ. ರಾತ್ರಿ ಎರಡು ಗಂಟೆಗೆ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿ "ಸರ್, ಪೇಷೆಂಟ್ ಯಾಕೋ ಸರಿ ಇಲ್ಲ" ಎಂದರೆ "ಬೆಳಿಗ್ಗೆ ನೋಡೋಣ" ಎಂಬ ಉತ್ತರ ಬಂದೀತು. ಹೀಗೆ ಹೇಳಿ ನೋಡಿ: "ಸರ್, ಸರ್ಜಿಕಲ್ ವಾರ್ಡಿನಿಂದ ಸ್ಟಾಫ್ ನರ್ಸ್ ಮಾತಾಡ್ತಿದ್ದೀನಿ. 12ನೇ ಬೆಡ್ಡಿನವರಿಗೆ ಉಸಿರು 34 ಆಗಿದೆ, ಸಂಜೆ 22 ಇತ್ತು. ಕರುಳಿನ ಆಪರೇಷನ್ ಆಗಿ ಮೂರನೇ ದಿನ. ಪಲ್ಸ್ 118, ಬಿಪಿ 110/70. ಸೆಪ್ಸಿಸ್ ಇರಬಹುದು ಅನ್ನಿಸ್ತಿದೆ. ಈಗಲೇ ಬಂದು ನೋಡಬೇಕು ಸರ್." ಎಸ್‌ಬಿಎಆರ್ ಎಂದು ನೀವು ಓದುವ ಕ್ರಮ ಇದೇ: ಈಗಿನ ಸ್ಥಿತಿ, ಹಿನ್ನೆಲೆ, ನಿಮ್ಮ ಅಂದಾಜು, ಏನಾಗಬೇಕು ಎಂಬ ಕೋರಿಕೆ. ಅಮೆರಿಕದ ನೌಕಾಪಡೆಯಿಂದ ಆಸ್ಪತ್ರೆಗಳಿಗೆ ಬಂದದ್ದು. ಫೋನಿನಲ್ಲಿ ಔಷಧಿ ಹೇಳಿದರೆ ಹೆಸರು, ಪ್ರಮಾಣ ಎರಡನ್ನೂ ತಿರುಗಿ ಹೇಳಿ ಖಚಿತಪಡಿಸಿಕೊಳ್ಳಿ. ಡಾಕ್ಟರು ಬರದಿದ್ದರೆ ಇಂಚಾರ್ಜ್ ಸಿಸ್ಟರಿಗೆ ಹೇಳಿ, ಅವರ ಮೇಲಿನ ಡಾಕ್ಟರಿಗೆ ಫೋನ್ ಮಾಡಿ, ಸಮಯ ಬರೆದಿಡಿ. ಅದು ಅಹಂಕಾರವಲ್ಲ, ನಿಮ್ಮ ಕೆಲಸ.

ಅಂಕಿಯನ್ನು ಕಣ್ಣುಮುಚ್ಚಿ ನಂಬುವ ಇನ್ನೊಂದು ಜಾಗ ಇನ್ಸುಲಿನ್. ನಮ್ಮಲ್ಲಿ ಒಂದು ಮಿಲಿಗೆ 40 ಯೂನಿಟ್ ಇರುವ ವಯಲ್ಲೂ (ಔಷಧಿಯ ಪುಟ್ಟ ಬಾಟಲಿ) ಇದೆ, 100 ಯೂನಿಟ್ ಇರುವುದೂ ಇದೆ. 40ರದಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ರದಕ್ಕೆ ಕಿತ್ತಳೆ. 100ರ ವಯಲ್ಲಿನಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 10ರ ಗೆರೆಯವರೆಗೆ, ಅಂದರೆ ಕಾಲು ಮಿಲಿ, ಎಳೆದರೆ ರೋಗಿಗೆ ಹೋಗುವುದು 25 ಯೂನಿಟ್. ಗೆರೆ ಸರಿಯಾಗಿಯೇ ನೋಡಿರುತ್ತೀರಿ, ವಯಲ್ ಓದಿರುವುದಿಲ್ಲ. ರಾತ್ರಿ ರೋಗಿ ಬೆವೆತು ಎಚ್ಚರ ತಪ್ಪಿದಾಗಲೇ ಅದು ಗೊತ್ತಾಗುವುದು. ಎಳೆಯುವ ಮೊದಲು ವಯಲ್ಲಿನ ಮೇಲಿನ ಅಂಕಿಯನ್ನು ಗಟ್ಟಿಯಾಗಿ ಓದಿ, ಪಕ್ಕದಲ್ಲಿ ಇನ್ನೊಬ್ಬರು ನೋಡಲಿ.

ಉಸಿರಿಗೆ ಮರಳುತ್ತೇನೆ. ಎಣಿಸುತ್ತಿದ್ದೇನೆ ಎಂದು ಹೇಳಿದರೆ ರೋಗಿಯ ಉಸಿರಾಟದ ಲಯವೇ ಬದಲಾಗುತ್ತದೆ. ಅದಕ್ಕೆ ನಾಡಿ ನೋಡಿ ಮುಗಿದ ಮೇಲೂ ಮಣಿಕಟ್ಟನ್ನು ಬಿಡಬೇಡಿ, ಕಣ್ಣು ಎದೆಯ ಮೇಲಿರಲಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಉಸಿರು ತಪ್ಪಿದರೂ ನಾಲ್ಕರ ವ್ಯತ್ಯಾಸ ಬರುತ್ತದೆ. ಪೂರ್ತಿ 60 ಸೆಕೆಂಡ್ ನಿಲ್ಲಿ. ಹೊಟ್ಟೆ ಒಳಕ್ಕೆ ಸೆಳೆಯುತ್ತಿದೆಯೇ, ಮೂಗಿನ ಹೊಳ್ಳೆ ಅರಳುತ್ತಿದೆಯೇ, ಒಂದು ವಾಕ್ಯ ಪೂರ್ತಿ ಆಡಲು ಆಗುತ್ತಿದೆಯೇ ಎಂಬುದೂ ಆ ನಿಮಿಷದಲ್ಲೇ ಕಾಣುತ್ತದೆ.

ಈಗ ಈ ಸಭಾಂಗಣದಲ್ಲಿ ಯಾರನ್ನಾದರೂ ಒಬ್ಬರನ್ನು ಆರಿಸಿಕೊಳ್ಳಿ. ಯಾರು ಎಂದು ಹೇಳಬೇಡಿ. ನಾನು ಗಡಿಯಾರ ನೋಡುತ್ತೇನೆ. ಎಣಿಸಿ.