ಶಾಲೆ ಹೇಗಿದೆ ಅಂತ ಮಕ್ಕಳನ್ನೇ ಕೇಳಿ

ಕೇಳುಗರಿಗೆಲ್ಲ ನಮಸ್ಕಾರ. ಹೈಸ್ಕೂಲು ಮಕ್ಕಳಿಗೆ ಶಾಲೆ ಯಾಕೆ ಹಿಡಿಸಲ್ಲ, ಹಿಡಿಸೋ ಹಾಗೆ ಮಾಡೋಕೆ ಏನು ಮಾಡ್ಬೇಕು ಅಂತ ಮಾತಾಡೋಕೆ ನನ್ನ ಕರೆದಿದ್ದಾರೆ. ಉತ್ತರ ಮೊದಲೇ ಹೇಳಿಬಿಡ್ತೀನಿ. ಮಕ್ಕಳನ್ನ ಕೇಳಿ, ಕೇಳಿದ್ಮೇಲೆ ನೀವೇನು ಮಾಡಿದ್ರಿ ಅನ್ನೋದನ್ನ ಅವರಿಗೆ ವಾಪಸ್ ಹೇಳಿ. ಎರಡೂ ಆಗ್ಬೇಕು. ಕೇಳಿ ಸುಮ್ಮನಾಗೋದಾದ್ರೆ ಕೇಳದೇ ಇರೋದೇ ವಾಸಿ.

ಹದಿಮೂರು ಹದಿನಾಲ್ಕರ ವಯಸ್ಸಲ್ಲಿ ಏನಾಗತ್ತೆ ನೋಡಿ. ತನ್ನ ವಿಷಯ ತಾನೇ ತೀರ್ಮಾನ ಮಾಡ್ಬೇಕು ಅನ್ನೋ ಆಸೆ ಜೋರಾಗೋದು ಆಗ, ಸರಿಯಾಗಿ ಅದೇ ಹೊತ್ತಿಗೆ ಶಾಲೆ ಹಿಡಿತ ಬಿಗಿ ಮಾಡತ್ತೆ, ಪೀರಿಯಡ್‌ಗೊಬ್ಬರು ಮೇಷ್ಟ್ರು, ಅವರಿಗೆ ಇವನ ಹೆಸರೂ ಸರಿಯಾಗಿ ಗೊತ್ತಿರಲ್ಲ, ಅದರ ಮೇಲೆ ಮಾರ್ಕ್ಸು, ರ‍್ಯಾಂಕು. ಜ್ಯಾಕ್ವೆಲಿನ್ ಎಕಲ್ಸ್ ಅನ್ನೋ ಮನಶ್ಶಾಸ್ತ್ರಜ್ಞೆ, ಅವರ ಜೊತೆಯವರು 1993ರಲ್ಲೇ ಬರೆದಿದ್ದಾರೆ, ಈ ವಯಸ್ಸಿಗೂ ಶಾಲೆ ನಡೆಯೋ ರೀತಿಗೂ ತಾಳೆ ಆಗ್ತಿಲ್ಲ ಅಂತ. ವಿಶ್ವ ಆರೋಗ್ಯ ಸಂಸ್ಥೆ ಜೊತೆ ಸೇರಿ ಯುರೋಪು, ಕೆನಡಾದಲ್ಲಿ ನಾಲ್ಕು ವರ್ಷಕ್ಕೊಮ್ಮೆ ಒಂದು ಸರ್ವೆ ನಡೆಸ್ತಾರೆ, 11, 13, 15 ವರ್ಷದ ಮಕ್ಕಳನ್ನ ಶಾಲೆ ಇಷ್ಟಾನಾ ಅಂತ ಕೇಳ್ತಾರೆ. ವಯಸ್ಸು ಏರಿದ ಹಾಗೆ ಇಷ್ಟ ಇಳಿಯತ್ತೆ. ಹಾಗಾಗಿ ಈಗಿನ ಹುಡುಗರು ಸೋಮಾರಿಗಳು, ಮೊಬೈಲು ಕೆಡಿಸ್ತು ಅನ್ನೋ ಮಾತು ದಯವಿಟ್ಟು ಬಿಟ್ಬಿಡಿ.

ಒಂದು ಶಾಲೆ ಕಥೆ ಇದೆ, ನಾನು ಎಲ್ಲಿ ಮಾತಾಡಿದ್ರೂ ಹೇಳ್ತೀನಿ. ಒಳ್ಳೆ ಕಟ್ಟಡ, ಒಳ್ಳೆ ರಿಸಲ್ಟು, ಆದ್ರೂ ಒಂಬತ್ತನೇ ಕ್ಲಾಸಿನ ಮಕ್ಕಳು ಮುಖ ಇಳಿಬಿಟ್ಕೊಂಡೇ ಬರೋರು. ಹೆಡ್‌ಮಾಸ್ಟ್ರು ಸ್ಮಾರ್ಟ್ ಬೋರ್ಡ್ ಹಾಕಿಸೋಣ ಅಂತಿದ್ರು. ತಡೀರಿ ಸಾರ್, ಮೊದಲು ಮಕ್ಕಳ ಕೈಗೆ ಒಂದು ಚೀಟಿ ಕೊಡೋಣ ಅಂದೆ. ಹೆಸರು ಬರೆಯೋ ಹಾಗಿಲ್ಲ, ಒಂದೇ ಪ್ರಶ್ನೆ, ಶಾಲೇಲಿ ಯಾವ ಹೊತ್ತು ನಿಮಗೆ ಬೇಡ ಅನ್ಸತ್ತೆ? ಹೋಮ್‌ವರ್ಕು, ಯೂನಿಫಾರ್ಮು ಅಂತ ಬರೀತಾರೆ ಬಿಡಿ ಅಂದ್ರು ಅವರು. ಚೀಟಿ ಬಿಚ್ಚಿದ್ರೆ ಒಂದಾದ ಮೇಲೊಂದು ಅದೇ ಉತ್ತರ, ಪೇಪರ್ ಕೊಡೋ ದಿನ. ಒಬ್ಬರು ಮೇಷ್ಟ್ರು ಟೆಸ್ಟ್ ಪೇಪರ್ ತಿದ್ದಿ ಕೊಡುವಾಗ ಕಡಿಮೆ ಮಾರ್ಕ್ಸಿನವರಿಂದ ಶುರು ಮಾಡಿ ಹೆಸರು ಕೂಗಿ, ಮಾರ್ಕ್ಸ್ ಓದಿ ಹೇಳೋರು. ನಾನು ಪಾಸಾಗಿರ್ತೀನಿ, ಆದ್ರೂ ನನ್ನ ಫ್ರೆಂಡ್ ಹೆಸರು ಕೂಗುವಾಗ ಹೊಟ್ಟೆ ಕಿವುಚಿದ ಹಾಗಾಗತ್ತೆ ಅಂತ ಒಂದು ಚೀಟೀಲಿತ್ತು. ಹೆಡ್‌ಮಾಸ್ಟ್ರು ಇದನ್ನೆಲ್ಲ ಬೇರೆ ಹಾಳೇಲಿ ಬರೆದು ಆ ಮೇಷ್ಟ್ರಿಗೆ ಕೊಟ್ರು. ಕೆಟ್ಟೋರೇನಲ್ಲ ಅವರು, ಹಾಗೆ ಮಾಡಿದ್ರೆ ಮಕ್ಕಳಿಗೆ ಛಲ ಬರತ್ತೆ ಅಂತ ನಂಬಿದ್ದೋರು. ಮುಂದಿನ ಟೆಸ್ಟಿಗೆ ಕ್ಲಾಸಲ್ಲಿ ನಿಂತು, ನೀವು ಬರೆದಿದ್ದು ಓದಿದೆ, ಇನ್ಮೇಲೆ ಮಾರ್ಕ್ಸ್ ಕೂಗಲ್ಲ, ಪೇಪರ್ ಮಡಚಿ ಕೈಗೇ ಕೊಡ್ತೀನಿ, ಡೌಟ್ ಇದ್ರೆ ಬನ್ನಿ ಅಂದ್ರು. ಈ ಲೆಕ್ಕ ಎಲ್ಲಿ ತಪ್ಪಾಯ್ತು ಸಾರ್ ಅಂತ ಪೇಪರ್ ಹಿಡ್ಕೊಂಡು ಮಕ್ಕಳು ಸ್ಟಾಫ್ ರೂಮಿಗೆ ಬರೋಕೆ ಶುರುವಾದ್ರು, ಅದಕ್ಕೆ ಮುಂಚೆ ಆ ಬಾಗಿಲ ಹತ್ರ ಯಾರೂ ಸುಳೀತಿರ್ಲಿಲ್ಲ! ಇನ್ನೊಂದು ಸಲ ಚೀಟಿ ಕೊಟ್ಟಾಗ ಎರಡೂ ಬದಿ ತುಂಬಿಸಿ ಕೊಟ್ರು. ಯಾಕೆ ಹೇಳಿ? ನೀವು ಬರೆದಿದ್ದು ಓದಿದೆ ಅನ್ನೋ ಆ ಒಂದು ಮಾತು ಅವರ ಕಿವಿಗೆ ಬಿದ್ದಿತ್ತು.

ಸಲಹಾ ಪೆಟ್ಟಿಗೆ ಇದೆಯಲ್ಲ ನಮ್ಮಲ್ಲಿ ಅಂತಾರೆ ಕೆಲವರು. ಇರತ್ತೆ, ಬೀಗ ತುಕ್ಕು ಹಿಡಿದಿರತ್ತೆ, ಕೀಲಿ ಯಾರ ಹತ್ರ ಇದೆ ಅಂತ ಕೇಳಿದ್ರೆ ಒಬ್ಬರ ಮುಖ ಒಬ್ಬರು ನೋಡ್ತಾರೆ. ಮಕ್ಕಳ ಮಾತು ಕೇಳೋದು ಅಂದ್ರೆ ನಾವು ತೋರಿಸೋ ದೊಡ್ಡತನ ಅಂದ್ಕೋಬೇಡಿ. 1989ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೇಲಿ 12ನೇ ವಿಧಿ ಇದೆ, ತನಗೆ ಸಂಬಂಧಪಟ್ಟ ವಿಷಯದಲ್ಲಿ ಅಭಿಪ್ರಾಯ ಹೇಳೋದು ಮಗುವಿನ ಹಕ್ಕು, ವಯಸ್ಸು, ಬುದ್ಧಿ ನೋಡಿ ಅದಕ್ಕೆ ಬೆಲೆ ಕೊಡ್ಬೇಕು ಅಂತ.

ನಿದ್ದೆ ವಿಷಯ ವಿವರವಾಗಿ ಹೇಳ್ಬೇಕು ಅಂತಿತ್ತು, ಟೈಮ್ ಆಗ್ತಾ ಬಂತು. ಹದಿಹರೆಯದವರಿಗೆ ರಾತ್ರಿ ನಿದ್ದೆ ತಡವಾಗಿ ಬರತ್ತೆ, ಅದಕ್ಕೇ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ ಹೈಸ್ಕೂಲು ಬೆಳಿಗ್ಗೆ 8:30ಕ್ಕಿಂತ ಮುಂಚೆ ಶುರುವಾಗೋದು ಬೇಡ ಅಂತ ಸಲಹೆ ಕೊಟ್ಟಿದೆ, ಇದನ್ನೂ ನಿಮ್ಮ ಮಕ್ಕಳ ಹತ್ರಾನೇ ಕೇಳಿ ನೋಡಿ.

ಹೆಡ್‌ಮಾಸ್ಟ್ರುಗಳಿಗೆ ಒಂದು ಮಾತು. ಚೀಟೀಲಿ ಹೆಸರು ಬೇಡ, ಕೈಬರಹ ಗುರುತು ಹಿಡಿಯೋ ಕ್ಲಾಸ್ ಟೀಚರ್ ಅದನ್ನ ಓದೋದೂ ಬೇಡ. ಒಂದು ವಾರದೊಳಗೆ ನೋಟಿಸ್ ಬೋರ್ಡಲ್ಲಿ ಹಾಕಿ, ಇದನ್ನ ಮಾಡ್ತೀವಿ, ಇದು ಆಗಲ್ಲ, ಯಾಕೆ ಆಗಲ್ಲ ಅಂತ. ಆಗಲ್ಲ ಅಂದ್ರೂ ಮಕ್ಕಳು ತಡ್ಕೋತಾರೆ, ಉತ್ತರಾನೇ ಬರದಿದ್ರೆ ತಡ್ಕೊಳ್ಳಲ್ಲ. ಅಪ್ಪ ಅಮ್ಮಂದಿರು ಮುಂದಿನ ಪೋಷಕರ ಸಭೇಲಿ ಎದ್ದು ನಿಂತು ಕೇಳಿ, ಮಕ್ಕಳು ಏನು ಹೇಳಿದ್ರು ಸಾರ್, ನೀವೇನು ಮಾಡಿದ್ರಿ? ನಮಸ್ಕಾರ.